ಒಗ್ಗರಣೆ ಹಾಕದ ಸಾರು

ಕಳೆದ ತಿಂಗಳು ನನ್ನ ಅಂಗಡಿಗೆ ಇಬ್ಬರು ಬಂದರು. ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಮೂಲೆಯಲ್ಲಿ ಲ್ಯಾಮಿನೇಶನ್. ಪಹಣಿ, ಆಧಾರ್, ಉಪನಯನದ ಕಾಗದ, ಸೊಸೈಟಿ ನೋಟಿಸು, ಇಷ್ಟೇ ದಿನದ ಕೆಲಸ. ನಡುನಡುವೆ ಮನವಿ ಪತ್ರ, ಕರಪತ್ರ. ಊರಿನವರು ಸಿಟ್ಟನ್ನು ಕೈಬರಹದಲ್ಲಿ ತರುತ್ತಾರೆ. ನಾನು ಅದನ್ನು 'ಮಾನ್ಯರೇ' ಅಂತ ಶುರು ಮಾಡಿ, 'ತಮ್ಮ ವಿಶ್ವಾಸಿಗಳು' ಅಂತ ಮುಗಿಸಿ ಕೊಡುತ್ತೇನೆ.

ಬಂದವರಲ್ಲಿ ಒಬ್ಬರಿಗೆ ಎಪ್ಪತ್ತು ದಾಟಿರಬೇಕು. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಕವಳ. ಜೊತೆಗೆ ತಮ್ಮನ ಮಗ. ಅವರ ಊರಿನ ಹಳ್ಳಕ್ಕೆ ಸೇತುವೆ ಬೇಕು. ಮಳೆಗಾಲ ಬಂತು ಅಂದರೆ ಅಡಿಕೆ ಮರದ ಸಂಕದ ಮೇಲೆ ಮಕ್ಕಳು ಶಾಲೆಗೆ ಹೋಗಬೇಕು. ಕೊಟ್ಟ ಮನವಿಗಳ ಕಟ್ಟೇ ಒಂದು ಚೀಲದಲ್ಲಿತ್ತು. ಈ ಸಲದ ಕರಪತ್ರದ ಕೊನೆಯ ಸಾಲು ಹೀಗಿತ್ತು: 'ಬೇಡಿಕೆ ಈಡೇರದಿದ್ದಲ್ಲಿ ಅಮರಣಾಂತ ಉಪವಾಸ ಸತ್ಯಾಗ್ರಹ.'

'ನಾಯ್ಕರೆ, ಇಲ್ಲಿ ಅ ಅಲ್ಲ, ಆ ಬರಬೇಕು' ಎಂದೆ. ಮುಕ್ಕಾಲು ಪಾಲು ಜನ ಇದನ್ನು ತಪ್ಪೇ ಬರೆಯುತ್ತಾರೆ. ಆಮರಣ ಅಂದರೆ ಸಾಯುವ ತನಕ. ಅಮರಣ ಅಂದರೆ ಸಾವೇ ಇಲ್ಲ. ಅಮರಣಾಂತ ಉಪವಾಸ ಮಾಡಿದರೆ ಸರ್ಕಾರಕ್ಕೆ ಏನೂ ತೊಂದರೆಯಿಲ್ಲ, ಅಲ್ವಾ?

ನಾಯ್ಕರು ನಕ್ಕರು. ಹುಡುಗ ನಗಲಿಲ್ಲ. 'ದೊಡ್ಡಪ್ಪ, ಆ ಸಾಲೇ ತೆಗೆಸು. ವಕೀಲ್ರು ಬೇಡ ಅಂದ್ರಲ್ಲ. ಕೇಸ್ ಆಗ್ತದಂತೆ.'

'ನಾ ಉಣ್ಣೂದು ಬಿಟ್ರೆ ಅವ್ರಿಗೆಂತ ಕೇಸು?'

ಹುಡುಗನ ಮಾತು ಸುಳ್ಳಲ್ಲ. ಹಳೆಯ ದಂಡ ಸಂಹಿತೆಯ 309ನೇ ಕಲಮಿನಲ್ಲಿ ಆತ್ಮಹತ್ಯೆಗೆ ಯತ್ನಿಸುವುದೇ ಅಪರಾಧವಾಗಿತ್ತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರಲ್ಲಿ 309 ಇಲ್ಲ. ಒಳ್ಳೆಯದೇ ಆಯಿತು. ಸಾಯಲು ಹೊರಟವನಿಗೆ ಬೇಕಾದದ್ದು ಡಾಕ್ಟರು, ಪೊಲೀಸರಲ್ಲ. ಆದರೆ ಹೊಸದರಲ್ಲಿ 226 ಅಂತ ಒಂದು ಕಲಮಿದೆ. ಸರ್ಕಾರಿ ನೌಕರನ ಕೆಲಸಕ್ಕೆ ತಡೆ ಒಡ್ಡಲು, ಅಥವಾ ಅವನ ಮೇಲೆ ಒತ್ತಾಯ ಹೇರಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದ ತನಕ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ, ಇಲ್ಲವೇ ಸಮುದಾಯ ಸೇವೆ. ಅಂದರೆ ನಿಮ್ಮ ಸಂಕಟಕ್ಕೆ ನೀವು ಸಾಯಲು ಹೊರಟರೆ ಕಾನೂನು ಸುಮ್ಮನಿರುತ್ತದೆ. ಸಾಹೇಬರಿಗೆ ಕೇಳಿಸಲಿ ಅಂತ ಹೊರಟರೆ ಎದ್ದು ಕೂರುತ್ತದೆ. ಉಪವಾಸ ಕೂರುವುದು ಆತ್ಮಹತ್ಯೆಯ ಯತ್ನವೇ ಅನ್ನುವುದು ಬೇರೆ ವಾದ. ಆ ವಾದ ಮಾಡಲು ಮೊದಲು ಕೋರ್ಟಿನ ತನಕ ಹೋಗಬೇಕಲ್ಲ.

ಅವರಿಬ್ಬರು ಅಂಗಡಿಯಲ್ಲಿ ವಾದ ಮಾಡುತ್ತಿರುವಾಗ ನನಗೆ ಅಮ್ಮಮ್ಮ ನೆನಪಾದಳು. ಅದಕ್ಕೇ ಇದನ್ನು ಬರೆಯಲು ಕೂತೆ.

ನಮ್ಮ ಕಡೆ ಯಾರನ್ನೇ ಕೇಳಿ, 'ನಮ್ಮಜ್ಜ ಜೈಲಿಗೆ ಹೋಗಿದ್ದ' ಅನ್ನುತ್ತಾರೆ. ಸುಳ್ಳೂ ಅಲ್ಲ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿತ್ತು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು. ಆಮೇಲೆ ಅಂಕೋಲೆ, ಸಿದ್ದಾಪುರದ ಕಡೆ ಕರನಿರಾಕರಣೆ. ಭೂಕಂದಾಯ ಕಟ್ಟುವುದಿಲ್ಲ ಅಂತ ಹಳ್ಳಿಗೆ ಹಳ್ಳಿಯೇ ನಿಂತಿತು. ಗುಜರಾತಿನ ಬಾರ್ಡೋಲಿಯಲ್ಲೂ ಹೀಗೇ ಕರನಿರಾಕರಣೆ ನಡೆದಿತ್ತು. ಹಾಗಾಗಿ ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂದು ಹೆಸರಾಯಿತು. ಗಂಡಸರನ್ನು ಹಿಂಡಲಗಾ, ಯರವಡಾ, ವಿಸಾಪುರದ ಜೈಲುಗಳಿಗೆ ತುಂಬಿದರು. ಮನೆಯ ಪಾತ್ರೆ, ದನಕರು, ಕಡೆಗೆ ಗದ್ದೆ ತೋಟ ಎಲ್ಲ ಮುಟ್ಟುಗೋಲು. ಮುಟ್ಟುಗೋಲು ಹಾಕಿದ್ದನ್ನು ಹರಾಜಿಗೆ ಇಟ್ಟರು.

ಹರಾಜು ಅಂದ ಮೇಲೆ ಹಿಡಿಯುವವರೂ ಬೇಕಲ್ಲ? ನಮ್ಮ ಮನೆ ಕಥೆ ಅಲ್ಲಿಂದ ಶುರುವಾಗುತ್ತದೆ. ಅಮ್ಮಮ್ಮನ ಅಪ್ಪ ಹರಾಜು ಹಿಡಿದವನು. ಊರಿನ ಹೆಸರು ಬೇಡ. ಸಿದ್ದಾಪುರ ತಾಲೂಕು ಅಂದರೆ ಸಾಕು. ಪಕ್ಕದ ಮನೆಯ ಅಡಿಕೆ ತೋಟದ ಒಂದು ಭಾಗ, ಅಗ್ಗಕ್ಕೆ ಸಿಕ್ಕಿತು, ಹಿಡಿದ. ತೋಟದ ಯಜಮಾನ ಆಗ ಜೈಲಿನಲ್ಲಿದ್ದ.

ಗಂಡಸರು ಜೈಲಿನಲ್ಲಿ, ಜಮೀನು ಬೇರೆಯವರ ಕೈಯಲ್ಲಿ. ಆಗ ಹೊರಗೆ ಬಂದವರು ಹೆಂಗಸರು. ಜೋಗಕ್ಕೆ ಹೋಗುವ ದಾರಿಯಲ್ಲಿ ಮಾವಿನಗುಂಡಿ ಸಿಗುತ್ತದೆ. ಜಾಸ್ತಿ ಜನ ಅಲ್ಲಿ ಚಹಾ ಕುಡಿಯಲು ಗಾಡಿ ನಿಲ್ಲಿಸುತ್ತಾರೆ. ಮುಟ್ಟುಗೋಲು ಆಸ್ತಿ ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕೂತದ್ದು ಅಲ್ಲಿ. ಅವರ ನೆನಪಿಗೆ ಒಂದು ಸ್ಮಾರಕವೂ ಇದೆ. ಅವರು ಕಲೆಕ್ಟರ್ ಕಚೇರಿ ಮುಂದೆ ಕೂರಲಿಲ್ಲ. ಬ್ರಿಟಿಷರ ಹೊಟ್ಟೆಗೆ ಇವರ ಹಸಿವು ತಟ್ಟುವುದಿಲ್ಲ ಅಂತ ಅವರಿಗೆ ಗೊತ್ತಿತ್ತೋ ಏನೋ. ನೆರೆಮನೆಯವನ ಅಂಗಳಕ್ಕೇ ಹೋದರು. ಅವನು ಮದುವೆಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡವನು, ಕವಳದ ಬಟ್ಟಲು ಹಂಚಿಕೊಂಡವನು.

ನಮ್ಮ ಮನೆ ಮುಂದೆಯೂ ಹಾಗೇ ಬಂದು ಕೂತರು. ಅಮ್ಮಮ್ಮನಿಗೆ ಆಗ ಒಂಬತ್ತು ವರ್ಷ. ಎಷ್ಟು ಜನ, ಎಷ್ಟು ದಿನ ಅನ್ನುವುದೆಲ್ಲ ಅವಳ ಬಾಯಲ್ಲಿ ಬದಲಾಗುತ್ತಿತ್ತು. ಒಂದು ಮಾತ್ರ ಬದಲಾಗಲಿಲ್ಲ. ಆ ಅಷ್ಟೂ ದಿನ ಅವಳ ಆಯಿ, ಅಂದರೆ ತಾಯಿ, ಅಡುಗೆಗೆ ಒಗ್ಗರಣೆ ಹಾಕಲಿಲ್ಲ.

'ಒಗ್ಗರಣೆ ಹಾಕಿದ್ರೆ ಜಗಲಿಗೆ ಕೇಳ್ತು, ತಮಾ. ವಾಸನೆನೂ ಹೋಗ್ತು. ಆಯಿ ಒಗ್ಗರಣೆ ಸೌಟು ಮುಟ್ಟಿದ್ದೇ ಇಲ್ಲೆ' ಎನ್ನುತ್ತಿದ್ದಳು.

ಸಾಸಿವೆ ಚಟಪಟ ಅನ್ನದ ಮನೆಯನ್ನು ಊಹಿಸಿಕೊಳ್ಳಿ. ಸಾರಿಗಿಲ್ಲ, ತಂಬುಳಿಗಿಲ್ಲ, ಪಲ್ಯಕ್ಕಿಲ್ಲ. ಒಲೆಗೆ ಹಸಿ ಕಟ್ಟಿಗೆ ಬೇಡ, ಹೊಗೆ ಜಾಸ್ತಿಯಾಗುತ್ತದೆ ಅಂತ ಒಣಗಿದ್ದನ್ನೇ ಆರಿಸಿ ಹಾಕುತ್ತಿದ್ದರಂತೆ. ಬಾಳೆಎಲೆ ಹರಿಯುವ ಸದ್ದು, ಲೋಟ ಇಡುವ ಸದ್ದು, ಎಲ್ಲದಕ್ಕೂ ಹೆದರಿಕೆ. ಮಕ್ಕಳು ಹಪ್ಪಳ ಕೇಳಿದರೆ ಬೈಗುಳ. ಹೊರಗೆ ಕೂತವರು ಒಂದು ಮಾತೂ ಆಡಿರಲಿಲ್ಲ. ಘೋಷಣೆ ಇಲ್ಲ, ಶಾಪ ಇಲ್ಲ. ನೂಲು ತೆಗೆಯುತ್ತ, ಭಜನೆ ಹೇಳುತ್ತ ಕೂತಿದ್ದರು. ಒಳಗಿನವರೇ ಕಳ್ಳರ ಹಾಗೆ ಉಂಡರು.

ಒಂದು ಮಧ್ಯಾಹ್ನ ಅಮ್ಮಮ್ಮ ಯಾರಿಗೂ ಹೇಳದೆ ತಂಬಿಗೆಯಲ್ಲಿ ನೀರು ತೆಗೆದುಕೊಂಡು ಹೋದಳಂತೆ. ಅವರಲ್ಲಿ ವಯಸ್ಸಾದ ಒಬ್ಬಳು ತಂಬಿಗೆಯ ಬಾಯಿಗೆ ಕೈ ಅಡ್ಡ ಇಟ್ಟಳು. 'ಈ ಮನೆ ನೀರು ಬ್ಯಾಡ ತಂಗಿ. ನಿನ್ನ ಮೇಲೆ ಸಿಟ್ಟಿಲ್ಲೆ.' ಅವರಿಗೆ ಕುಡಿಯುವ ನೀರು ಆಚೆ ಕೇರಿಯ ಬಾವಿಯಿಂದ ಬರುತ್ತಿತ್ತು. ಅಮ್ಮಮ್ಮ ಎಂಬತ್ತು ದಾಟಿದ ಮೇಲೂ ಈ ಮಾತು ಹೇಳುವಾಗ ತನ್ನ ಅಂಗೈಯನ್ನು ಹೀಗೆ ಅಡ್ಡ ಹಿಡಿದು ತೋರಿಸುತ್ತಿದ್ದಳು.

ಮುತ್ತಜ್ಜ ಏನು ಮಾಡಿದ? ಒಮ್ಮೆ 'ಅಪ್ಪಯ್ಯ ಬಿಟ್ಟುಕೊಟ್ಟ' ಅನ್ನುತ್ತಿದ್ದಳು. ಇನ್ನೊಮ್ಮೆ 'ಅಂವ ಒಪ್ಪಿದ್ನೇ ಇಲ್ಲೆ, ಸರ್ಕಾರವೇ ಕಡಿಗೆ ವಾಪಸ್ ಕೊಡ್ಸ್ತು' ಅನ್ನುತ್ತಿದ್ದಳು. ಎರಡನೆಯದೇ ನಿಜ ಇರಬೇಕು ಅಂತ ನನ್ನ ಅನುಮಾನ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂತು. ಮುಟ್ಟುಗೋಲು ಹಾಕಿದ ಜಮೀನನ್ನು ಮೂಲದವರಿಗೆ ಮರಳಿಸಲು ಮರುವರ್ಷ ಕಾನೂನಾಯಿತು. ಅಷ್ಟರೊಳಗೆ, 1934ರಲ್ಲಿ, ಗಾಂಧೀಜಿ ನಮ್ಮ ಜಿಲ್ಲೆಗೆ ಬಂದು ಸಿದ್ದಾಪುರದ ಈ ಹೆಂಗಸರನ್ನು ಕಂಡು ಹೋಗಿದ್ದರು. ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ. ಹೋಗುವ ಮುಖ ಎಲ್ಲಿತ್ತು?

ಮುತ್ತಜ್ಜನ ಪರವಾಗಿಯೂ ಒಂದು ಮಾತು ಹೇಳಬೇಕು. 'ಇದು ಸತ್ಯಾಗ್ರಹ ಅಲ್ಲ, ಬಲವಂತ' ಅಂತ ಅವನು ಹೇಳುತ್ತಿದ್ದನಂತೆ. ಅದನ್ನು ಪೂರ್ತಿ ತಳ್ಳಿಹಾಕಲು ನನಗೆ ಧೈರ್ಯವಿಲ್ಲ. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತಾಗ ಅಂಬೇಡ್ಕರ್ ಅವರಿಗೂ ಅದು ಬಲವಂತವಾಗಿಯೇ ಕಂಡಿತ್ತು. ದಲಿತರಿಗೆ ಸಿಕ್ಕಿದ್ದ ಪ್ರತ್ಯೇಕ ಮತಕ್ಷೇತ್ರವನ್ನು ಅವರು ಬಿಟ್ಟುಕೊಡಬೇಕಾಯಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ, ಇನ್ನು ಸಂವಿಧಾನದ ದಾರಿ ತೆರೆದಿದೆ, ಸತ್ಯಾಗ್ರಹವನ್ನೆಲ್ಲ ಬಿಡಬೇಕು ಎಂದರು. ಉಪವಾಸ ಮಾಡಿದವರೆಲ್ಲ ಸರಿ, ಅವರ ಎದುರಿಗೆ ಇದ್ದವರೆಲ್ಲ ತಪ್ಪು ಅಂತಲ್ಲ. ಆದರೆ ಅಂಬೇಡ್ಕರರ ಮಾತಿಗೆ ಒಂದು ಶರತ್ತಿತ್ತು. ದಾರಿ ತೆರೆದಿರಬೇಕು. ನಾಯ್ಕರ ಚೀಲದಲ್ಲಿದ್ದ ಮನವಿಗಳ ಕಟ್ಟು ನೋಡಿದಾಗ ನನಗೆ ಆ ಶರತ್ತೇ ಕಾಣಿಸಿತು.

ಉಪವಾಸ ಕೂರುವವರ ಮೇಲೆ ಕಾನೂನಿಗೆ ಹೊಸದಾಗಿ ಸಿಟ್ಟು ಬಂದಿದ್ದೇನೂ ಅಲ್ಲ. 1860ರ ದಂಡ ಸಂಹಿತೆಯ 508ನೇ ಕಲಮಿಗೆ ಕೊಟ್ಟ ಉದಾಹರಣೆಯಲ್ಲೇ 'ಧರಣಿ' ಅನ್ನುವ ನಮ್ಮ ಶಬ್ದವಿದೆ. ಒಬ್ಬನ ಬಾಗಿಲಲ್ಲಿ ಧರಣಿ ಕೂತು, ಅವನಿಗೆ ದೇವರ ಕೋಪ ತಟ್ಟುತ್ತದೆ ಎಂದು ನಂಬಿಸಿದರೆ ಅಪರಾಧ. ಸಾಲ ವಸೂಲಿಗೆ ಬಾಗಿಲಲ್ಲಿ ಕೂರುವ ಹಳೆಯ ಪದ್ಧತಿ ಇಂಗ್ಲಿಷರಿಗೆ ತಲೆನೋವಾಗಿತ್ತು. ಮಾವಿನಗುಂಡಿಯ ಹೆಂಗಸರು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಅವರು ದೇವರನ್ನು ನಡುವೆ ತರಲಿಲ್ಲ, ಅಷ್ಟೇ ವ್ಯತ್ಯಾಸ.

ಜೈಲಿನೊಳಗಿನ ಉಪವಾಸದ ಕಥೆ ಬೇರೆ. ಅಲ್ಲಿ ಜಗಲಿಯೂ ಇಲ್ಲ, ನೆರೆಮನೆಯೂ ಇಲ್ಲ. 1929ರಲ್ಲಿ ಲಾಹೋರ್ ಜೈಲಿನಲ್ಲಿ ಭಗತ್ ಸಿಂಗ್ ಮತ್ತು ಸಂಗಡಿಗರು ಊಟ ಬಿಟ್ಟರು. ಅವರು ಬಿಡುಗಡೆ ಕೇಳಲಿಲ್ಲ. ನಾವು ಕಳ್ಳರಲ್ಲ, ರಾಜಕೀಯ ಕೈದಿಗಳು, ಹಾಗೆ ನೋಡಿ, ತಿನ್ನುವಂಥ ಊಟ ಕೊಡಿ, ಓದಲು ಪುಸ್ತಕ ಪೇಪರು ಕೊಡಿ ಅಂದರು. ಜತೀಂದ್ರನಾಥ ದಾಸ್ 63 ದಿನ ತಾಳಿದರು. ಮೂಗಿನಿಂದ ನಳಿಕೆ ಇಳಿಸಿ ಬಲವಂತವಾಗಿ ಹಾಲು ಹಾಕಲು ಹೋದಾಗ ಅದು ಶ್ವಾಸಕೋಶಕ್ಕೆ ಹೋಗಿ ದೇಹ ಕೆಟ್ಟಿತು. ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು ಇಪ್ಪತ್ತನಾಲ್ಕು. ಮರುವರ್ಷ ಸರ್ಕಾರ ಕೈದಿಗಳಲ್ಲಿ ಎ, ಬಿ, ಸಿ ಅಂತ ಮೂರು ವರ್ಗ ಮಾಡಿತು. 'ರಾಜಕೀಯ' ಅನ್ನುವ ಶಬ್ದವನ್ನು ಮಾತ್ರ ಹಾಕಲಿಲ್ಲ. ಓದಿದವರು, ಅನುಕೂಲಸ್ಥರು ಮೇಲಿನ ವರ್ಗಕ್ಕೆ, ನಮ್ಮ ಕಡೆಯ ಗದ್ದೆ ಉಳುವವರಂಥವರು ಸಿ ವರ್ಗಕ್ಕೆ. ಜೈಲಿನಲ್ಲೂ ಪಂಕ್ತಿಭೇದ!

ಹಸಿವಿನ ಬಗ್ಗೆ ಡಾಕ್ಟರ್ ಗೆಳೆಯನೊಬ್ಬ ಹೇಳಿದ್ದು: ಮೊದಲ ಎರಡು ಮೂರು ದಿನ ಹಸಿವು ಜೋರು. ಆಮೇಲೆ ಅದು ಸತ್ತುಹೋಗುತ್ತದೆ. ದೇಹ ಮೊದಲು ಕೊಬ್ಬು ತಿನ್ನುತ್ತದೆ, ಜೊತೆಜೊತೆಗೆ ಸ್ನಾಯು ತಿನ್ನುತ್ತದೆ. ವಾರಗಳು ಕಳೆದ ಮೇಲೆ ತಲೆ ತಿರುಗು, ವಾಂತಿ, ಕಣ್ಣು ಮಂಜು. ಉಪವಾಸ ಮುರಿಯುವುದೂ ಅಪಾಯವೇ. ಒಮ್ಮೆಲೇ ಉಂಡರೆ ರಕ್ತದ ಲವಣಗಳು ಏರುಪೇರಾಗಿ ಹೃದಯ ನಿಲ್ಲಬಹುದು. ಬುದ್ಧಿ ನೆಟ್ಟಗಿರುವ ಮನುಷ್ಯ ಬೇಡ ಅಂದಮೇಲೆ ನಳಿಕೆ ಹಾಕುವುದು ಸರಿಯಲ್ಲ ಅಂತ ವಿಶ್ವ ವೈದ್ಯಕೀಯ ಸಂಘ ತನ್ನ ಮಾಲ್ಟಾ ಘೋಷಣೆಯಲ್ಲಿ ಹೇಳಿದೆ.

ಆದರೂ ನಳಿಕೆ ನಿಲ್ಲಲಿಲ್ಲ. ಮಣಿಪುರದ ಇರೋಮ್ ಶರ್ಮಿಳಾ 2000ದ ನವೆಂಬರಿನಲ್ಲಿ ಊಟ ಬಿಟ್ಟರು. ಸೇನೆಗೆ ವಿಶೇಷ ಅಧಿಕಾರ ಕೊಡುವ ಕಾಯ್ದೆ ಹೋಗಲಿ ಅನ್ನುವುದು ಬೇಡಿಕೆ. ಅವರ ಮೇಲೆ ಅದೇ 309. ಅದರ ಗರಿಷ್ಠ ಶಿಕ್ಷೆ ಒಂದು ವರ್ಷ. ಹಾಗಾಗಿ ವರ್ಷಕ್ಕೊಮ್ಮೆ ಬಿಡುವುದು, ಮತ್ತೆ ಹಿಡಿಯುವುದು, ಮತ್ತೆ ಮೂಗಿಗೆ ನಳಿಕೆ. ಸಾಯುವ ಆಸೆ ನನಗಿಲ್ಲ ಅಂತ ಆಕೆ ಹೇಳುತ್ತಲೇ ಬಂದರು. ಹೀಗೆ ಹದಿನಾರು ವರ್ಷ. 2016ರ ಆಗಸ್ಟ್ 9ರಂದು ಬೆರಳಿನಿಂದ ಜೇನುತುಪ್ಪ ನೆಕ್ಕಿ ಮುಗಿಸಿದರು. ಮರುವರ್ಷ ಚುನಾವಣೆಗೆ ನಿಂತರು. ಬಿದ್ದದ್ದು 90 ಮತ.

ಆ 90 ನನ್ನನ್ನು ಬಿಡುವುದಿಲ್ಲ. ಮಾವಿನಗುಂಡಿಯಲ್ಲಿ ಒಳಗಿದ್ದವರಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಶರ್ಮಿಳಾ ಅವರ ಹದಿನಾರು ವರ್ಷ ನಾವೆಲ್ಲ ಹೊಟ್ಟೆ ತುಂಬ ಉಂಡೆವು, ಒಗ್ಗರಣೆ ಹಾಕಿಕೊಂಡೇ. ದೂರ ಜಾಸ್ತಿ. ಸಾಸಿವೆ ಸದ್ದು ಅಲ್ಲಿಗೆ ಕೇಳುವುದಿಲ್ಲ ಅಂತ ಧೈರ್ಯ.

ಗಂಟಲು ಅಂದೆ. ಅನ್ನ ಇಳಿಯುವುದೂ ಅಲ್ಲೇ, ಮಾತು ಏಳುವುದೂ ಅಲ್ಲೇ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. 1880ರ ದಶಕದಲ್ಲಿ ಅವರ ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ಬಂದು ಉಳಿದಿದ್ದ. ಕಡಲು, ಕಾಳಿ ನದಿ, ಬೆಳದಿಂಗಳು, ಇಷ್ಟನ್ನು ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. 1898ರಲ್ಲಿ ರಾಜದ್ರೋಹದ ಕಾನೂನನ್ನು ಇನ್ನಷ್ಟು ಬಿಗಿ ಮಾಡಲು ಹೊರಟಾಗ ಅದೇ ಟಾಗೋರರು ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಅದರ ವಿರುದ್ಧ ಒಂದು ಪ್ರಬಂಧ ಓದಿದರು. ಅದರ ಹೆಸರು 'ಕಂಠರೋಧ'. ಗಂಟಲು ಕಟ್ಟುವುದು. ಇದನ್ನು ಯಾವ ಮಾಸ್ತರರೂ ನಮಗೆ ಹೇಳಲಿಲ್ಲ.

ಆ ರಾಜದ್ರೋಹದ 124ಎ ಕಲಮು ದಂಡ ಸಂಹಿತೆಗೆ ಸೇರಿದ್ದು 1870ರಲ್ಲಿ. ತಿಲಕರಿಗೆ 1908ರಲ್ಲಿ ಆರು ವರ್ಷ, ಗಾಂಧೀಜಿಗೆ 1922ರಲ್ಲಿ ಆರು ವರ್ಷ. ರಾಜ ಹೋದ ಮೇಲೂ ರಾಜದ್ರೋಹ ಉಳಿಯಿತು. 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಿಂಸೆಗೆ ಅಥವಾ ಸಾರ್ವಜನಿಕ ಅವ್ಯವಸ್ಥೆಗೆ ಕುಮ್ಮಕ್ಕು ಕೊಟ್ಟರೆ ಮಾತ್ರ ಇದು ಅಂತ ಬೇಲಿ ಹಾಕಿತು. ಠಾಣೆಯ ತನಕ ಆ ಬೇಲಿ ಬಂದದ್ದು ಕಡಿಮೆ. 2022ರ ಮೇ ತಿಂಗಳಲ್ಲಿ ಕೋರ್ಟು ಅದನ್ನು ತಡೆಹಿಡಿಯಿತು. ಹೊಸ ಸಂಹಿತೆಯಲ್ಲಿ ರಾಜದ್ರೋಹ ಅನ್ನುವ ಶಬ್ದವಿಲ್ಲ. ಅದರ ಜಾಗದಲ್ಲಿ 152 ಇದೆ. ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವ ಮಾತು, ಬರಹ, ಚಿತ್ರ. ಶಿಕ್ಷೆ ಜೀವಾವಧಿ ಅಥವಾ ಏಳು ವರ್ಷದ ತನಕ, ಜೊತೆಗೆ ದಂಡ. ಹಳೆಯದರಲ್ಲಿ ಜೀವಾವಧಿ ಬಿಟ್ಟರೆ ಮೂರು ವರ್ಷದ ತನಕ ಇತ್ತು. ದಂಡ ಮಾತ್ರ ಹಾಕಿ ಬಿಡಲೂ ಬರುತ್ತಿತ್ತು.

ಬಾಯಿ ಮುಚ್ಚಿಸಲು ಜೈಲೇ ಬೇಕಂತಿಲ್ಲ. ಅಂಕೋಲೆಯ ದಿನಕರ ದೇಸಾಯಿ ಗೊತ್ತಲ್ಲ, ಚುಟುಕು ಬ್ರಹ್ಮ? ಗೇಣಿದಾರ ರೈತರನ್ನು, ಹಾಲಕ್ಕಿ ಒಕ್ಕಲಿಗರನ್ನು ಸೇರಿಸಿ ಸಂಘಟನೆ ಕಟ್ಟಿದರು ಅಂತ ಅವರನ್ನು 1940ರಲ್ಲಿ ಜಿಲ್ಲೆಯಿಂದಲೇ ಗಡಿಪಾರು ಮಾಡಿದರು. ಐದು ವರ್ಷ ತಮ್ಮೂರಿಗೆ ಕಾಲಿಡುವಂತಿಲ್ಲ. ಇನ್ನು ತುರ್ತುಪರಿಸ್ಥಿತಿಯಲ್ಲಿ ನಮ್ಮ ಸಿದ್ದಾಪುರದ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆಯವರೂ ಜೈಲಿನಲ್ಲಿದ್ದರು. ಅದೇ ಕಾಲದಲ್ಲಿ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಅಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಹೀಗೆ ಹಿಡಿದಿಟ್ಟವರು ಕೋರ್ಟಿನಲ್ಲಿ ಬಿಡುಗಡೆ ಕೇಳುವಂತೆಯೂ ಇಲ್ಲ ಅಂತ 1976ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದರು. ಎಚ್.ಆರ್. ಖನ್ನಾ ಒಬ್ಬರು ಒಪ್ಪಲಿಲ್ಲ. ಮುಂದೆ ಅವರಿಗೆ ಬರಬೇಕಾದ ಮುಖ್ಯ ನ್ಯಾಯಮೂರ್ತಿ ಹುದ್ದೆ ಬರಲಿಲ್ಲ.

ದೊಡ್ಡವರ ಕಥೆ ಬರೆಯುವುದು ಸುಲಭ. ನನ್ನದನ್ನೂ ಹೇಳಬೇಕಲ್ಲ.

ಕೆಲವು ವರ್ಷದ ಹಿಂದೆ ನಾಲ್ಕು ಕಾಲೇಜು ಹುಡುಗ ಹುಡುಗಿಯರು ಒಂದು ಪೋಸ್ಟರ್ ಮಾಡಿಸಲು ಬಂದರು. ವಿಷಯ ಏನು ಅಂತ ಇಲ್ಲಿ ಬೇಡ. ಇದನ್ನು ಬರೆಯುವಾಗಲೂ ಬಿಟ್ಟಿದ್ದೇನೆ ನೋಡಿ. ಅದರಲ್ಲಿ ಬೈಗುಳ ಇರಲಿಲ್ಲ, ಸುಳ್ಳೂ ಇರಲಿಲ್ಲ. ಎರಡು ಪ್ರಶ್ನೆ ಮತ್ತು ಒಂದು ಕೈದಿಯ ಚಿತ್ರ. ನಾನು ಓದಿದೆ. 'ಕರೆಂಟ್ ಇಲ್ಲ, ನಾಳೆ ಬನ್ನಿ' ಎಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಒಬ್ಬಳು ಹುಡುಗಿ ತಲೆ ಎತ್ತಿ ಫ್ಯಾನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. 'ಆಯ್ತು ಅಂಕಲ್' ಅಂದಳು. ಯಾವ ಪೊಲೀಸರೂ ನನಗೆ ಏನೂ ಹೇಳಿರಲಿಲ್ಲ. ಯಾವ ಕಲಮನ್ನೂ ನಾನು ಓದಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಸಾರಿಗೆ ಒಗ್ಗರಣೆ ಕೊಟ್ಟ ಸದ್ದು ಕೇಳಿ ಎದೆ ಧಸಕ್ ಅಂತು. ಮುತ್ತಜ್ಜ ಎಲ್ಲಿಗೂ ಹೋಗಿಲ್ಲ, ಇಲ್ಲೇ ಬಟ್ಟಲ ಮುಂದೆ ಕೂತಿದ್ದಾನೆ ಅನ್ನಿಸಿತು.

ನಾಯ್ಕರ ಕರಪತ್ರಕ್ಕೆ ಬರುತ್ತೇನೆ.

'ಹಂಗಾರೆ ಎಂತ ಹಾಕೂದು?' ಎಂದರು.

'ಸರದಿ ಉಪವಾಸ ಅಂತ ಹಾಕ್ಸು ದೊಡ್ಡಪ್ಪ.'

'ಇವತ್ತು ನಾ, ನಾಳೆ ನೀನಾ? ಅದು ಏಕಾದಶಿ ಆಯ್ತಲ್ಲ ಮಾರಾಯಾ.'

ಅರ್ಧ ಗಂಟೆ ಚರ್ಚೆಯಾಯಿತು. ಜೆರಾಕ್ಸಿಗೆ ಬಂದವರೂ ಸೇರಿಕೊಂಡರು. ಕಡೆಗೆ 'ಅನಿರ್ದಿಷ್ಟಾವಧಿ ಧರಣಿ' ಅಂತ ಗಟ್ಟಿಯಾಯಿತು. ನಾಯ್ಕರಿಗೆ ಸಮಾಧಾನವಿರಲಿಲ್ಲ. ಕೈಬರಹದ ಹಾಳೆಯನ್ನು ನಾನು ಬುಟ್ಟಿಗೆ ಹಾಕಲು ಹೋದರೆ ಕೇಳಿ ತೆಗೆದುಕೊಂಡರು. ಅಮರಣಾಂತ ಇರುವ ಹಾಳೆ. ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡರು.

ಇನ್ನೂರು ಪ್ರತಿ. ಮೊದಲ ಪ್ರತಿ ಮಷೀನಿನಿಂದ ಬಂದಾಗ ನಾಯ್ಕರು ಅದನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ಓದಿದರು. 'ಬುಡಕ್ಕೆ ನಿಮ್ಮ ಅಂಗಡಿ ಹೆಸ್ರು ಇಲ್ವಲ್ಲ?' ಎಂದರು. ಕರಪತ್ರದ ಬುಡದಲ್ಲಿ ಅಚ್ಚು ಹಾಕಿದವರ ಹೆಸರು ಇರಬೇಕು ಅನ್ನುವುದು 1867ರ ಪ್ರೆಸ್ ಕಾಯ್ದೆಯ ಕಾಲದಿಂದ ಬಂದ ರೂಢಿ. ಮದುವೆ ಕಾಗದಕ್ಕೆ ನಾನು ಮರೆಯದೇ ಹಾಕುತ್ತೇನೆ, ಫೋನ್ ನಂಬರಿನ ಸಮೇತ.

'ಹಾಕ್ತೆ' ಎಂದು ಮತ್ತೆ ಕೂತೆ. ಎಂಟು ಪಾಯಿಂಟಿನಲ್ಲಿ ಹಾಕಿದೆ. ನಾಯ್ಕರು ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿದರು.

'ಕಾಣೂದೇ ಇಲ್ವಲ್ರೀ.'

ಹತ್ತಕ್ಕೆ ಏರಿಸಿದೆ.